ಕತ್ತು ಬಗ್ಗಿಸಿದ ಮೇಲೆ ಕಂಡದ್ದು

ಹದಿನಾಲ್ಕು ವರ್ಷ ನಾನು ಹಕ್ಕಿ ನೋಡಿದೆ. ಬೈನಾಕ್ಯುಲರ್ ಕತ್ತಿಗೆ ನೇತುಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಮರದ ತುದಿಯಲ್ಲಿ ಒಂದು ಎಲೆ ಅಲುಗಿದರೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಆಮೇಲೆ ಕತ್ತು ಕೈ ಕೊಟ್ಟಿತು. ಎಡಗೈ ಬೆರಳು ಜೋಮು ಹಿಡಿಯೋಕೆ ಶುರುವಾಯಿತು. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, "ಇನ್ಮೇಲೆ ತಲೆ ಎತ್ತಿ ನೋಡೋದು ಬಿಡಿ" ಅಂದರು. ತುಂಬಾ ಬಗ್ಗೋದೂ ಒಳ್ಳೇದಲ್ಲ ಅಂತ ಅದರ ಜೊತೆಗೇ ಹೇಳಿದ್ದರು. ಆ ಮಾತು ನನ್ನ ಕಿವಿಗೆ ಬೀಳಲಿಲ್ಲ ಅಂತ ಇಟ್ಟುಕೊಳ್ಳಿ.

ಆದರೂ ಗೆಳೆಯರ ಜೊತೆ ಕಾಡಿಗೆ ಹೋಗೋದು ಬಿಡಲಿಲ್ಲ. ಅವರು ಮೇಲೆ ನೋಡುತ್ತಾ ಮುಂದೆ ಹೋಗುತ್ತಿದ್ದರು. ನಾನು ತೊರೆಯ ಪಕ್ಕ ಒಂದು ಕಲ್ಲಿನ ಮೇಲೆ ಕೂತು ಅವರ ಚೀಲ ಕಾಯುತ್ತಿದ್ದೆ. ಎರಡನೇ ಸಲವೋ ಮೂರನೇ ಸಲವೋ, ಬೇಜಾರಾಗಿ ಬೈನಾಕ್ಯುಲರನ್ನು ತಿರುಗುಮುರುಗಾಗಿ ಹಿಡಿದೆ. ಕಣ್ಣಿಡುವ ಕಡೆಯ ಗಾಜನ್ನು ಕಲ್ಲಿನ ಹತ್ತಿರ, ಬೆರಳಗಲದ ದೂರಕ್ಕೆ ತಂದು, ದೊಡ್ಡ ಗಾಜಿನ ಕಡೆಯಿಂದ ನೋಡಬೇಕು. ಆಗ ಅದೇ ಬೈನಾಕ್ಯುಲರ್ ಒಳ್ಳೇ ಭೂತಗನ್ನಡಿ ಆಗುತ್ತದೆ. ಈ ಚಾಲಾಕಿ ನನಗೆ ಮೊದಲೇ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಬಳಸಿರಲಿಲ್ಲ, ಅಷ್ಟೇ.

ಕಲ್ಲಿನ ಮೇಲೆ ಅಂಗೈ ಅಗಲದ ಹಸಿರು ಮೆತ್ತೆ ಇತ್ತು. ಗಾಜಿನಲ್ಲಿ ಅದು ಒಂದು ಕಾಡೇ ಆಗಿತ್ತು. ನೂರಾರು ಪುಟ್ಟ ಗಿಡ, ಒಂದೊಂದೂ ಮೇಲಿನಿಂದ ನಕ್ಷತ್ರದ ಹಾಗೆ. ಎಲೆಗಳು ಎಷ್ಟು ತೆಳು ಅಂದರೆ ಬೆಳಕು ಈ ಕಡೆಯಿಂದ ಆ ಕಡೆಗೆ ಹಾಯುತ್ತಿತ್ತು. ಎರಡು ಎಲೆಗಳ ಕಂಕುಳಲ್ಲಿ ಒಂದು ನೀರಹನಿ ಸಿಕ್ಕಿಕೊಂಡಿತ್ತು. ಅದರ ಪಕ್ಕದಲ್ಲಿ ಒಂದು ಕೆಂಪು ನುಸಿ ಯಾವುದೋ ತುರ್ತು ಕೆಲಸ ಇದ್ದವರ ಹಾಗೆ ಓಡುತ್ತಿತ್ತು. ಗೆಳೆಯರು ವಾಪಸ್ ಬಂದು ಕರೆಯುವ ಹೊತ್ತಿಗೆ ನಾನು ಹೊಟ್ಟೆ ಅಡಿ ಮಾಡಿ ಮಲಗಿದ್ದೆ. ಬಿದ್ದುಬಿಟ್ಟಿದ್ದೇನೆ ಅಂತ ಅವರು ಗಾಬರಿಯಾಗಿದ್ದರು.

ಆವರೆಗೂ ನನಗೆ ಅದೆಲ್ಲ ಪಾಚಿ. ಕಲ್ಲಿನ ಮೇಲಿದ್ದರೂ ಪಾಚಿ, ನೀರಲ್ಲಿ ತೇಲಿದರೂ ಪಾಚಿ, ಗೋಡೆಗೆ ಹಸಿರು ಬಳಿದ ಹಾಗಿದ್ದರೂ ಪಾಚಿ. ಕಾಲು ಜಾರಿದರಂತೂ ಖಂಡಿತ ಪಾಚಿ. ನಾನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಈ ಗುಂಪಿನಲ್ಲಿ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದವು ಎಷ್ಟೋ ಇವೆ. ಹಾಗಾಗಿ ಈಗ ನೀರಿನದ್ದನ್ನು ಪಾಚಿ ಅಂತೀನಿ. ಪುಟ್ಟ ಕಾಂಡ, ಪುಟ್ಟ ಎಲೆ ಇರುವ ಮಾಸ್‌ಗೆ ನಮ್ಮ ಹಳೇ ಮಾತು ಹಾವಸೆ. ಬೂದು ಬಣ್ಣಕ್ಕೆ ಹೊಪ್ಪಳೆ ಎದ್ದಂತೆ ಮರಕ್ಕೆ ಅಂಟಿರೋದು ಕಲ್ಲುಹೂವು. ಅದು ಗಿಡವೇ ಅಲ್ಲ, ಶಿಲೀಂಧ್ರ ಮತ್ತು ಪಾಚಿ ಸೇರಿ ಮಾಡಿಕೊಂಡ ಸಂಸಾರ. ಇನ್ನು ತೇವದ ಜಾಗಕ್ಕೆ ಅಂಟಿ ಹರಡುವ ಪುಟ್ಟ ಗಿಡ ಲಿವರ್‌ವರ್ಟ್‌ಗೆ ಜನ ಬಳಸುವ ಕನ್ನಡ ಹೆಸರು ನನಗೆ ಸಿಕ್ಕಿಲ್ಲ. ಲಿವರ್‌ವರ್ಟ್ ಅಂತಲೇ ಬರೆಯುತ್ತೇನೆ. ಅದರ ಚಪ್ಪಟೆ ಮೈ ಲಿವರ್ ಆಕಾರದಲ್ಲಿದೆ, ಹಾಗಾಗಿ ಲಿವರ್ ಕಾಯಿಲೆಗೆ ಅದೇ ಔಷಧಿ ಅಂತ ಯುರೋಪಿನ ಹಳಬರು ನಂಬಿದ್ದರು. ಕಾಯಿಲೆಗೇನೂ ಉಪಯೋಗವಾಗಲಿಲ್ಲ. ಹೆಸರು ಉಳಿಯಿತು.

ಲೆಕ್ಕ ಬೇಕಾದವರಿಗೆ ಹೇಳುವುದಾದರೆ, ಜಗತ್ತಿನಲ್ಲಿ ಹಾವಸೆ ಸುಮಾರು 12,000 ಜಾತಿ, ಲಿವರ್‌ವರ್ಟ್ ಸುಮಾರು 7,000. ಕೊಂಬಿನಂಥ ಕಾಯಿ ಬಿಡುವ ಹಾರ್ನ್‌ವರ್ಟ್ ಅನ್ನುವ ಮೂರನೇ ಗುಂಪು ಬರೀ 200 ಚಿಲ್ಲರೆ. ಇವು ಮೂರೂ ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ನಿಜವಾದ ಬೇರೂ ಇಲ್ಲ. ಬೇರಿನ ಹಾಗೆ ಕಾಣುವ ಎಳೆಗಳು ಕಲ್ಲನ್ನು ಹಿಡಿದುಕೊಳ್ಳೋಕೆ ಇರುವ ಹಗ್ಗ, ಮುಖ್ಯವಾಗಿ. ನೀರು ಕುಡಿಯುವುದು ಮೈಯೆಲ್ಲಾ. ಹಾವಸೆಯ ಎಲೆ ಹೆಚ್ಚಿನ ಕಡೆ ಒಂದೇ ಜೀವಕೋಶದಷ್ಟು ದಪ್ಪ. ಮೇಲೆ ಬಿದ್ದ ನೀರು ನೇರ ಒಳಗೆ. ಒಳಗಿದ್ದ ನೀರು ಬಿಸಿಲಿಗೆ ಅಷ್ಟೇ ಬೇಗ ಹೊರಗೆ. ಎತ್ತರ ಬೆಳೆಯೋಕೆ ನೀರು ಮೇಲೇರಿಸುವ ಗಟ್ಟಿ ಕೊಳವೆ ಬೇಕು, ಅದು ಇವಕ್ಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಡಾಸೋನಿಯಾ ಅನ್ನುವ ಹಾವಸೆ ಅರ್ಧ ಮೀಟರ್ ದಾಟುತ್ತದೆ. ಅದೇ ಆ ಕುಲದ ಉದ್ದ ಆಳು.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಹಾವಸೆ ಮೇಯುವ ಆಡನ್ನು ನಾನಂತೂ ನೋಡಿಲ್ಲ.

ನಾನು ಮಾಡಿದ ಮೊದಲ ಪ್ರಯೋಗ ಒಂದು ಹಳೇ ಲಕೋಟೆಯದ್ದು. ಆ ಕಲ್ಲಿನ ಪಕ್ಕ ಬಿದ್ದಿದ್ದ ಒಂದು ಚೂರು ಹಾವಸೆಯನ್ನು ಲಕೋಟೆಗೆ ಹಾಕಿ ಪುಸ್ತಕದ ಮಧ್ಯೆ ಇಟ್ಟು ಮರೆತಿದ್ದೆ. ಮೂರು ವರ್ಷ ಆದಮೇಲೆ ಸಿಕ್ಕಿತು. ಕಂದು ಬಣ್ಣ, ಮುಟ್ಟಿದರೆ ಪುಡಿ. ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟೆ. ಸುರುಟಿದ್ದ ಎಲೆಗಳು ಕಣ್ಣೆದುರೇ ಬಿಚ್ಚಿಕೊಂಡವು. ಒಂದು ನಿಮಿಷವೂ ಹಿಡಿಯಲಿಲ್ಲ. ಹಸಿರೂ ಬಂತು. ನಾನು ಮನೆಯವರನ್ನೆಲ್ಲ ಕೂಗಿ ಕರೆದು, "ನೋಡಿ, ಸತ್ತದ್ದು ಎದ್ದು ಕೂತಿದೆ" ಅಂತ ಭಾಷಣ ಬಿಗಿದೆ.

ಸತ್ತದ್ದು ಎದ್ದಿರಲಿಲ್ಲ. ಎರಡು ವಾರ ತೇವ ಮಾಡಿ ಇಟ್ಟೆ, ಒಂದು ಹೊಸ ಚಿಗುರೂ ಬರಲಿಲ್ಲ. ಮೂರನೇ ವಾರ ಬೂಷ್ಟು ಬಂತು. ಆಮೇಲೆ ಅರ್ಥವಾಯಿತು. ಎಲೆ ಬಿಚ್ಚಿಕೊಳ್ಳುವುದು ಜೀವಕೋಶದ ಗೋಡೆ ನೀರು ಕುಡಿದು ಉಬ್ಬುವುದರಿಂದ. ಅದಕ್ಕೆ ಜೀವ ಇರಲೇಬೇಕು ಅಂತೇನಿಲ್ಲ. ಬದುಕಿದೆಯಾ ಅನ್ನೋದು ಗೊತ್ತಾಗಬೇಕಾದರೆ ಅದು ಬೆಳೆಯಬೇಕು. ಹಾಗಂತ ಒಣಗಿ ಬದುಕುವುದು ಸುಳ್ಳಲ್ಲ. ಬಿಸಿಲಿಗೆ ಮೈಯ ನೀರೆಲ್ಲ ಕಳೆದುಕೊಂಡು, ಉಸಿರಾಟವನ್ನೂ ನಿಲ್ಲಿಸಿದಂತೆ ಇದ್ದು, ನೀರು ಬಿದ್ದ ಕೆಲವೇ ನಿಮಿಷದಲ್ಲಿ ಮತ್ತೆ ಕೆಲಸ ಶುರುಮಾಡುವ ಹಾವಸೆಗಳು ಬೇಕಾದಷ್ಟಿವೆ. ಎಷ್ಟು ಕಾಲ ತಡೆಯುತ್ತವೆ ಅನ್ನೋದು ಜಾತಿಯಿಂದ ಜಾತಿಗೆ ಬೇರೆ. ನನ್ನದು ತೊರೆಯ ಪಕ್ಕದ, ನೆರಳಲ್ಲಿ ಬೆಳೆದ, ಮೆತ್ತಗಿನ ಮೈಯದ್ದು. ಮೂರು ವರ್ಷ ಪುಸ್ತಕದೊಳಗೆ ಇಡಬಾರದಿತ್ತು.

ಅಂಟಾರ್ಕ್ಟಿಕಾದ ಸಿಗ್ನಿ ದ್ವೀಪದ ಹಾವಸೆ ನನ್ನದರಂಥದ್ದಲ್ಲ. ಅಲ್ಲಿನ ಹೆಪ್ಪುಗಟ್ಟಿದ ನೆಲದಿಂದ ಕೊರೆದು ತೆಗೆದ ಹಾವಸೆ 1,500 ವರ್ಷಕ್ಕೂ ಹಳೆಯದು. ಅದನ್ನು ಬೆಳಕು, ನೀರು, ಬಿಸುಪಿನಲ್ಲಿ ಇಟ್ಟಾಗ ಚಿಗುರಿತು. 2014ರಲ್ಲಿ ಆ ವರದಿ ಬಂತು. ಚಿಗುರಿತು ಅನ್ನುವ ಪದವನ್ನು ಗಮನಿಸಿ. ಬಿಚ್ಚಿಕೊಂಡಿತು ಅಂತಲ್ಲ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಡಚುವ ಲೆನ್ಸ್ ತಗೊಂಡೆ. ಕತ್ತಿಗೆ ಬೈನಾಕ್ಯುಲರ್ ಬದಲು ಈಗ ಅದು ನೇತಾಡುತ್ತದೆ. ಅದರಲ್ಲಿ ನಾನು ಅತಿ ಜಾಸ್ತಿ ಹೊತ್ತು ನೋಡಿರುವುದು ಯಾವುದನ್ನು ಅಂತ ಕೇಳಿದರೆ, ಫುನೇರಿಯಾ ಅನ್ನುವ ಹಾವಸೆಯ ಹಲ್ಲುಗಳನ್ನು.

ಇದು ಅಪರೂಪದ್ದೇನಲ್ಲ. ಬೆಂಕಿ ಹಾಕಿದ ಜಾಗದಲ್ಲಿ, ಬೂದಿ ಮಣ್ಣಿನಲ್ಲಿ ಮೊದಲು ಬರುವ ಹಸಿರುಗಳಲ್ಲಿ ಒಂದು. ಹಸಿರು ಹಾಸಿನಿಂದ ಕೆಂಪುಕಂದು ಬಣ್ಣದ ದಾರದಂಥ ತೊಟ್ಟುಗಳು ಎದ್ದು ನಿಲ್ಲುತ್ತವೆ. ಒಂದೊಂದರ ತುದಿಗೂ ತಲೆ ಬಗ್ಗಿಸಿಕೊಂಡ ಒಂದು ಪುಟ್ಟ ಕಾಯಿ. ಒಣಗಿದ ತೊಟ್ಟಿಗೆ ತೇವ ತಾಗಿದರೆ ಅದು ಹುರಿ ಬಿಚ್ಚಿದ ಹಗ್ಗದ ಹಾಗೆ ತಿರುಗುತ್ತದೆ. ಅದಕ್ಕೇ ಹೆಸರಿನ ಎರಡನೇ ಅರ್ಧ ಹೈಗ್ರೋಮೆಟ್ರಿಕಾ, ತೇವ ಅಳೆಯುವಂಥದ್ದು ಅಂತ.

ಕಾಯಿ ಬಲಿತಾಗ ತುದಿಯ ಮುಚ್ಚಳ ಕಳಚಿ ಬೀಳುತ್ತದೆ. ಒಳಗೆ ಬಾಯಿಯ ಸುತ್ತ ಹಲ್ಲುಗಳು. ಹೊರಸಾಲಿನಲ್ಲಿ ಹದಿನಾರು. ಎಣಿಸಿ ನೋಡಿದ್ದೇನೆ, ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿ ಬಂತು. ಹಾವಸೆಗಳಲ್ಲಿ ಈ ಹಲ್ಲಿನ ಲೆಕ್ಕ ನಾಲ್ಕರ ಮಗ್ಗಿ ಬಿಟ್ಟು ಹೋಗುವುದು ಕಮ್ಮಿ. ಕೆಲವಕ್ಕೆ ನಾಲ್ಕೇ, ತುಂಬಾ ಜಾತಿಗೆ ಹದಿನಾರು, ಪಾಲಿಟ್ರೈಕಮ್‌ನಂಥವಕ್ಕೆ ಅರವತ್ನಾಲ್ಕು. ಫುನೇರಿಯಾದ ಹಲ್ಲುಗಳು ತೇವಕ್ಕೆ ಸೊಟ್ಟಗೆ ತಿರುಗಿ ಮುಚ್ಚಿಕೊಳ್ಳುತ್ತವೆ, ಒಣಗಿದರೆ ನಡುವೆ ಸಂದು ಬಿಡುತ್ತವೆ. ಆ ಸಂದಿನಿಂದ ಬೀಜಕಗಳು, ಅಂದರೆ ಧೂಳಿನಂಥ ಸ್ಪೋರ್‌ಗಳು, ಗಾಳಿಗೆ ಸ್ವಲ್ಪ ಸ್ವಲ್ಪವೇ ಹೋಗುತ್ತವೆ. ಮಳೆ ಬರುವಾಗ ಧೂಳು ತೂರಿದರೆ ಕಾಲಡಿಯಲ್ಲೇ ಬೀಳುತ್ತದೆ ಅಲ್ವಾ? ಒಣ ದಿನ ನೋಡಿಕೊಂಡು ತೂರಬೇಕು. ರಾಶಿ ತೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಆಟ. ಲೆನ್ಸ್ ಹಿಡಿದು, ಕಾಯಿಯ ಬಾಯಿಗೆ ಹಾ ಅಂತ ಒಂದು ಬಿಸಿ ಉಸಿರು ಬಿಡುವುದು. ಹಲ್ಲುಗಳು ಮಿಸುಕಾಡುತ್ತವೆ. ನಿಲ್ಲಿಸಿ ಕಾದರೆ ಮತ್ತೆ ಒಣಗಿ ಹಿಂದಕ್ಕೆ ಹೋಗುತ್ತವೆ. ಮತ್ತೆ ಹಾ. ಅದಕ್ಕೆ ನರ ಇಲ್ಲ, ಸ್ನಾಯು ಇಲ್ಲ. ಹಲ್ಲಿನ ಜೀವಕೋಶಗಳೂ ಸತ್ತು ಬರೀ ಗೋಡೆ ಉಳಿದಿರುತ್ತದೆ. ಲಕೋಟೆಯಲ್ಲಿ ನನಗೆ ಮೋಸ ಮಾಡಿದ ಉಪಾಯವೇ ಇಲ್ಲಿ ಅದರ ಹೊಟ್ಟೆಪಾಡು. ಒಂದು ಮಧ್ಯಾಹ್ನ ಎಷ್ಟು ಹೊತ್ತು ಹೀಗೆ ಉಸಿರುಬಿಡುತ್ತಾ ಕೂತಿದ್ದೆ ಅಂದರೆ ತಲೆ ಸುತ್ತು ಬಂತು.

ಆ ಕಾಯಿಯ ಬಗ್ಗೆ ಇನ್ನೊಂದು ವಿಷಯ. ಕೆಳಗಿನ ಹಸಿರು ಗಿಡ ಒಂದು ತಲೆಮಾರು. ಮೇಲೆ ನಿಂತ ತೊಟ್ಟು ಮತ್ತು ಕಾಯಿ ಅದರ ಮಗು, ಮುಂದಿನ ತಲೆಮಾರು. ತಾಯಿಯ ಮೈಮೇಲೇ ಹುಟ್ಟಿ, ತಾಯಿಯಿಂದಲೇ ಉಂಡು, ಅಲ್ಲೇ ಸಾಯುತ್ತದೆ. ಎಳೆಯ ಕಾಯಿಯ ತಲೆಮೇಲೆ ಒಂದು ಟೊಪ್ಪಿ ಇರುತ್ತದಲ್ಲ, ಅದು ಮಗುವಿನದ್ದಲ್ಲ. ತಾಯಿಯ ಮೈಯ ಚೂರು. ತೊಟ್ಟು ಉದ್ದವಾಗುವಾಗ ಹರಿದು ಮೇಲಕ್ಕೆ ಹೋಗಿರುತ್ತದೆ. ಪಾಲಿಟ್ರೈಕಮ್‌ನಲ್ಲಿ ಆ ಟೊಪ್ಪಿ ಚಿನ್ನದ ಬಣ್ಣದ ಕೂದಲಿನ ಕುಲಾವಿ. ಇಂಥ ಎರಡು ತಲೆಮಾರಿನ ಸರದಿಯನ್ನು ಹಾವಸೆ, ಜರೀಗಿಡಗಳಲ್ಲಿ ಸರಿಯಾಗಿ ಬಿಡಿಸಿ ತೋರಿಸಿದವರು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್, 1851ರಲ್ಲಿ.

ಇಷ್ಟರ ಮಧ್ಯೆ ದಡ್ಡತನವೂ ನಡೆಯಿತು. ಆರು ತಿಂಗಳು ಒಂದು ಚೆಂದದ ಗಿಡವನ್ನು ದೊಡ್ಡ ಹಾವಸೆ ಅಂತ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಅದು ಸೆಲಾಜಿನೆಲ್ಲಾ. ಅದರೊಳಗೆ ನೀರಿನ ಕೊಳವೆ ಇದೆ, ನಿಜವಾದ ಬೇರು ಇದೆ. ಜರೀಗಿಡದ ಕಡೆಗೆ ಹೋಗುವ ಬಂಧು ಅದು. ಇದರಲ್ಲಿ ನಾನೊಬ್ಬನೇ ಅಲ್ಲ ಅನ್ನೋದು ಸಮಾಧಾನ. ಇಂಗ್ಲಿಷಿನವರು ರೇನ್‌ಡೀರ್ ಮಾಸ್ ಅನ್ನೋದು ಕಲ್ಲುಹೂವಿನ ಜಾತಿ, ಐರಿಷ್ ಮಾಸ್ ಅನ್ನೋದು ಕಡಲ ಪಾಚಿ, ಸ್ಪ್ಯಾನಿಷ್ ಮಾಸ್ ಅನ್ನೋದು ಹೂ ಬಿಡುವ ಅನಾನಸ್ ಕುಲದ ಗಿಡ. ಅವರದ್ದೂ ನಮ್ಮ ಪಾಚಿಯ ಕಥೆಯೇ.

ಸ್ಫ್ಯಾಗ್ನಮ್ ಅನ್ನುವ ಹಾವಸೆಯ ಬಗ್ಗೆ ಜಾಸ್ತಿ ಬರೆಯಲ್ಲ. ಅದರ ಜೌಗು ನೆಲವನ್ನು ನಾನು ಕಣ್ಣಾರೆ ಕಂಡಿಲ್ಲ. ಒಣತೂಕದ ಇಪ್ಪತ್ತು ಪಟ್ಟು ನೀರು ಹಿಡಿಯುತ್ತದೆ, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಬದಲು ಗಾಯಕ್ಕೆ ಕಟ್ಟಿದರು. ಅದು ಕೂಡಿ ಕೂಡಿ ಆದ ಪೀಟ್ ನೆಲದ ಹುಳಿಯಲ್ಲಿ ಹೆಣವೂ ಕೊಳೆಯುವುದಿಲ್ಲ. 1950ರಲ್ಲಿ ಡೆನ್ಮಾರ್ಕಿನಲ್ಲಿ ಪೀಟ್ ಕಡಿಯುವವರಿಗೆ ಒಬ್ಬ ಮನುಷ್ಯನ ಹೆಣ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯದು. ಆದರೆ ಗಲ್ಲದ ಮೇಲಿನ ಕುರುಚಲು ಗಡ್ಡ ಹಾಗೇ ಇತ್ತು. ಆ ಮುಖದ ಫೋಟೋ ನೋಡಿದ ಮೇಲೆ ನನಗೆ ಹಾವಸೆಯನ್ನು ಬರೀ ಮುದ್ದಾದದ್ದು ಅಂತ ನೋಡೋಕೆ ಆಗಿಲ್ಲ.

ನನ್ನ ನಿಜವಾದ ಗೀಳು ಮಾರ್ಕಾನ್ಶಿಯಾ. ತೊರೆಯ ಬದಿಯ ತೇವದ ಮಣ್ಣಿಗೆ, ಕಲ್ಲಿಗೆ ಅಂಟಿಕೊಂಡು ಹರಡುವ ಲಿವರ್‌ವರ್ಟ್. ಕಾಂಡ, ಎಲೆ ಅಂತಿಲ್ಲ, ಪಟ್ಟಿಯಂಥ ಹಸಿರು ಮೈ ಎರಡೆರಡಾಗಿ ಕವಲೊಡೆಯುತ್ತಾ ಹೋಗುತ್ತದೆ. 1713ರಲ್ಲಿ ಫ್ರಾನ್ಸಿನ ಜಾನ್ ಮಾರ್ಷಾನ್ ಎಂಬವನು ತನ್ನ ಅಪ್ಪನ ನೆನಪಿಗೆ ಇಟ್ಟ ಹೆಸರಿದು. ಅಪ್ಪನೂ ಗಿಡ ಓದುವವನೇ.

ಅದರ ಮೈಮೇಲೆ ಸಣ್ಣ ಸಣ್ಣ ಬಟ್ಟಲುಗಳಿರುತ್ತವೆ. ಅಂಚು ಗರಗಸದ ಹಾಗೆ. ಒಳಗೆ ಹಸಿರು ಬಿಲ್ಲೆಗಳು, ಒಂದೊಂದೂ ಸಾಸಿವೆಗಿಂತ ಸಣ್ಣದು. ಒಂದು ಮಳೆಹನಿ ಸರಿಯಾಗಿ ಬಟ್ಟಲಿಗೆ ಬಿದ್ದರೆ ಬಿಲ್ಲೆಗಳು ನೀರಿನ ಜೊತೆ ಎಗರಿ ದೂರ ಬೀಳುತ್ತವೆ, ಅಲ್ಲೇ ಹೊಸ ಗಿಡವಾಗುತ್ತವೆ. ಗಂಡು ಹೆಣ್ಣಿನ ಗೊಡವೆ ಇಲ್ಲ. ಓದಿದರೆ ಸಾಲದು ಅಂತ ಒಂದು ಬಿಳಿ ಹಾಳೆ ಹಾಸಿ, ಡ್ರಾಪರ್ ಹಿಡಿದು, ನಿಂತುಕೊಂಡು ಹನಿ ಬಿಟ್ಟೆ. ಮೊದಲ ಹದಿನೈದು ಹನಿ ಬಟ್ಟಲಿಗೆ ಬೀಳಲೇ ಇಲ್ಲ. ಹದಿನಾರನೆಯದು ಬಿತ್ತು. ಹಾಳೆಯ ಮೇಲೆ ಒಂದು ಗೇಣು ದೂರದಲ್ಲಿ ಎರಡು ಹಸಿರು ಚುಕ್ಕೆ. ಆ ಖುಷಿಗೆ ನನಗೆ ಪದ ಸಿಗಲಿಲ್ಲ. ಕತ್ತು ಮಾತ್ರ ಎರಡು ದಿನ ಬಯ್ಯುತ್ತಿತ್ತು.

ಆ ಬಿಲ್ಲೆಗೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದು ಹುಟ್ಟುವಾಗ ಗೊತ್ತಿರುವುದಿಲ್ಲ. ಹೇಗೆ ಬಿದ್ದರೂ ಸರಿ. ಬೆಳಕು ಬಂದ ಕಡೆ ಮೇಲಾಗುತ್ತದೆ, ಇನ್ನೊಂದು ಕಡೆ ಎಳೆ ಬಿಟ್ಟು ಮಣ್ಣು ಹಿಡಿಯುತ್ತದೆ.

ಇನ್ನು ಗಂಡು ಹೆಣ್ಣಿನ ವಿಷಯ. ಮಾರ್ಕಾನ್ಶಿಯಾದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಕಾಲ ಬಂದಾಗ ಎರಡೂ ಪುಟ್ಟ ಕೊಡೆ ಎತ್ತುತ್ತವೆ. ಗಂಡಿನ ಕೊಡೆ ತಟ್ಟೆಯ ಹಾಗೆ ಚಪ್ಪಟೆ. ಹೆಣ್ಣಿನದ್ದು ಬಟ್ಟೆ ಕಿತ್ತುಹೋಗಿ ಕಡ್ಡಿ ಮಾತ್ರ ಉಳಿದ ಕೊಡೆ. ಮೊದಲ ಸಲ ನೋಡಿದಾಗ ಅಣಬೆ ಅಂದುಕೊಂಡಿದ್ದೆ. ಗಂಡಿನ ತಟ್ಟೆಗೆ ಮಳೆನೀರು ಬಿದ್ದರೆ ಎರಡು ಬಾಲದ ವೀರ್ಯಾಣುಗಳು ಆ ನೀರಿಗೆ ಇಳಿಯುತ್ತವೆ. ಅಲ್ಲಿಂದ ಹೆಣ್ಣಿನ ತನಕ ನೀರಲ್ಲೇ ಹೋಗಬೇಕು, ಈಜಿಯೋ ಹನಿಯ ಜೊತೆ ಸಿಡಿದೋ. ಒಣ ನೆಲಕ್ಕೆ ಬಂದು 45 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು ಈ ಸಸ್ಯಗಳ ಪೂರ್ವಜರು. ಮದುವೆ ಮಾತ್ರ ಇನ್ನೂ ನೀರಲ್ಲೇ.

ನನ್ನ ತೊರೆಯಲ್ಲಿ ಗಂಡು ಗಿಡಗಳೆಲ್ಲ ಈ ಕಡೆಯ ಒಂದು ಕಲ್ಲಿನ ಮೇಲೆ. ಹೆಣ್ಣುಗಳು ಆಚೆ ದಂಡೆಯಲ್ಲಿ, ಎರಡು ಗೊಂಚಲು. ನಡುವೆ ನಾಲ್ಕು ಹೆಜ್ಜೆ ಹರಿಯುವ ನೀರು. ನಮಗೆ ನಾಲ್ಕು ಹೆಜ್ಜೆ, ಅವಕ್ಕೆ ಬೇರೆ ಊರು. ಎರಡು ವರ್ಷ ನೋಡಿದೆ. ಹೆಣ್ಣುಗಳು ಕೊಡೆ ಎತ್ತಿದವು, ಬಾಡಿದವು. ನನಗೆ ಪಾಪ ಅನ್ನಿಸಿತು. ಪ್ರಯೋಗಾಲಯದಲ್ಲಿ ಇವನ್ನು ಕೂಡಿಸುವ ವಿಧಾನ ತುಂಬಾ ಸುಲಭ. ಗಂಡಿನ ತಟ್ಟೆ ಮೇಲೆ ನೀರು ಬಿಟ್ಟು, ಅದನ್ನೇ ಹೀರಿ, ಎಳೆಯ ಹೆಣ್ಣಿನ ಕೊಡೆ ಮೇಲೆ ಬಿಡುವುದು.

ಮೂರನೇ ವರ್ಷ ಡ್ರಾಪರ್ ಹಿಡಿದು ದಲ್ಲಾಳಿಯಾದೆ. ಗಂಡಿನ ತಟ್ಟೆ ಮೇಲೆ ಹನಿ ಬಿಟ್ಟೆ, ಹತ್ತು ನಿಮಿಷ ಕಾದೆ. ನೀರು ಕೊಂಚ ಮಬ್ಬಾಯಿತು ಅನ್ನಿಸಿತು. ಹೀರಿಕೊಂಡು, ತೊರೆ ದಾಟಿ, ಮೊಣಕಾಲು ತನಕ ಒದ್ದೆಯಾಗಿ, ಮೇಲುಗಡೆಯ ಗೊಂಚಲಿನ ಏಳು ಕೊಡೆಗಳಿಗೆ ಒಂದೊಂದು ಹನಿ ಹಾಕಿದೆ. ಕೆಳಗಿನ ಗೊಂಚಲನ್ನು ಬೇಕಂತಲೇ ಮುಟ್ಟಲಿಲ್ಲ. ಹೋಲಿಸಿ ನೋಡೋಕೆ ಇರಲಿ ಅಂತ. ವಿಜ್ಞಾನ ಓದಿದವನು ನಾನು, ಅಷ್ಟಾದರೂ ಬೇಡವೇ?

ಒಂದು ತಿಂಗಳು ಬಿಟ್ಟು ಹೋದೆ. ನಾನು ಹನಿ ಹಾಕಿದ ಏಳರಲ್ಲಿ ಐದು ಕೊಡೆಗಳ ಅಡಿಯಲ್ಲಿ ಹಳದಿ ಉಂಡೆಗಳು ಇಳಿಬಿದ್ದಿದ್ದವು. ಕೆಲವು ಒಡೆದು ಹಳದಿ ಹತ್ತಿಯಂತೆ ಅರಳಿದ್ದವು. ಲೆನ್ಸಿನಲ್ಲಿ ನೋಡಿದರೆ ಆ ಹತ್ತಿ ಸಣ್ಣಗೆ ಅಲುಗಾಡುತ್ತಿತ್ತು. ಬೀಜಕಗಳ ನಡುವೆ ಸುರುಳಿ ಎಳೆಗಳಿರುತ್ತವೆ, ಒಣಗುವಾಗ ಅವು ಹುರಿಗೊಂಡು ಬೀಜಕಗಳನ್ನು ಚಿಮ್ಮಿಸುತ್ತವೆ. ಅಲ್ಲೇ ಕೂತು ಗೆಳೆಯರಿಗೆ ಫೋಟೋ ಕಳಿಸಿದೆ. ನೆಟ್‌ವರ್ಕ್ ಇರಲಿಲ್ಲ, ಹೋಗಲಿಲ್ಲ. ಒಳ್ಳೇದೇ ಆಯಿತು.

ಯಾಕೆಂದರೆ ಆಮೇಲೆ ಕೆಳಗಿನ ಗೊಂಚಲು ನೋಡಿದೆ. ಅಲ್ಲೂ ಹಳದಿ. ನಾನು ಮುಟ್ಟದೇ ಬಿಟ್ಟಿದ್ದ ಆರು ಕೊಡೆಗಳಲ್ಲಿ ನಾಲ್ಕರ ಅಡಿಯಲ್ಲಿ.

ಹೇಗೆ ಬಂತು? ಆ ಸಲ ಮಳೆ ಜೋರಿತ್ತು, ತೊರೆ ಎರಡು ದಂಡೆ ಮುಟ್ಟಿ ಹರಿದಿತ್ತು. ಅಥವಾ ನನ್ನ ಕೈಗೇ ಸಿಗದ ಇನ್ನೊಂದು ಗಂಡು ಆಚೆ ದಂಡೆಯ ಬಿರುಕಿನಲ್ಲೆಲ್ಲೋ ಇದ್ದಿರಬೇಕು. ಇನ್ನೊಂದೂ ಇದೆ. 2006ರಲ್ಲಿ ಸ್ವೀಡನ್ನಿನಲ್ಲಿ ಹಾವಸೆಯ ಗಂಡು ಹೆಣ್ಣು ಮೆತ್ತೆಗಳನ್ನು ಎರಡು, ನಾಲ್ಕು ಸೆಂಟಿಮೀಟರ್ ದೂರದಲ್ಲಿಟ್ಟು ಪ್ರಯೋಗ ಮಾಡಿದ್ದರು. ಸುಮ್ನೆ ಬಿಟ್ಟರೆ ಕಾಯಿ ಕಟ್ಟಲಿಲ್ಲ. ನುಸಿಗಳನ್ನೂ ಮಣ್ಣಿನಲ್ಲಿ ಜಿಗಿದಾಡುವ ಸಣ್ಣ ಹುಳಗಳನ್ನೂ ಬಿಟ್ಟಾಗ ಕಟ್ಟಿತು. ಆದರೆ ಅದು ಹಾವಸೆ, ಇದು ಲಿವರ್‌ವರ್ಟ್. ಅಲ್ಲಿ ನಾಲ್ಕು ಸೆಂಟಿಮೀಟರ್, ಇಲ್ಲಿ ನಾಲ್ಕು ಹೆಜ್ಜೆ ನೀರು. ನುಸಿಗೆ ಈಜು ಬರುತ್ತದಾ?

ಏಳರಲ್ಲಿ ಐದು, ಆರರಲ್ಲಿ ನಾಲ್ಕು. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿಟ್ಟಿದ್ದೇನೆ. ಮುಂದಿನ ಮಳೆಗೆ ಡ್ರಾಪರ್ ಮನೆಯಲ್ಲೇ ಬಿಟ್ಟು ಹೋಗಬೇಕು. ಆಚೆ ದಂಡೆಯ ಬಿರುಕುಗಳನ್ನು ಒಂದೊಂದಾಗಿ ನೋಡುವುದಿದೆ, ಟಾರ್ಚ್ ಹಿಡಿದು.